ಸಮುದ್ರಕ್ಕೂ ಏಳದ ಪಂಕ್ತಿ

ಕಂಬಂ ಕಣಿವೆಯಲ್ಲಿ ನೀರಿನ ಸ್ವಭಾವ ಬಲ್ಲವನು ಮಾರಿಮುತ್ತು ಒಬ್ಬನೇ. ಹಾಗೆಂದು ಊರಿಗೆ ಊರೇ ಹೇಳುತ್ತದೆ. ಊರೆಂದರೆ ಮುಖ್ಯವಾಗಿ ಮಾರಿಮುತ್ತು. ಕಾಮಯಗೌಂಡನ್‌ಪಟ್ಟಿಯ ಅವನ ದ್ರಾಕ್ಷಿ ತೋಟಕ್ಕೆ ಹರಿಯುವ ಕಾಲುವೆ ಅವನ ಕೆಮ್ಮು ಕೇಳಿದರೆ ನಿಂತುಬಿಡುತ್ತಿತ್ತಂತೆ.

ನಿಲ್ಲದೆ ಹೋದದ್ದು ಅಕ್ಕ ಸರಸುವಿನ ಕೋಪ. ತನ್ನ ಮಗಳು ಜನನಿಯ ಮದುವೆಯಲ್ಲಿ ಬೀಗರಿಗೆ ಜಾಗ ಸಾಲದೆಂದು, ಎಲೆಯ ಮುಂದೆ ಕುಳಿತಿದ್ದ ಅಕ್ಕನನ್ನೇ ಅವನು ಎಬ್ಬಿಸಿದ್ದ. “ಇನ್ನು ನಿನ್ನ ಮನೇಲಿ ಕೈ ನೆನೆಸಲ್ಲ, ಒಂದು ತುತ್ತೂ ತಿನ್ನಲ್ಲ” ಎಂದು ಹೋದವಳು ಪೊಂಗಲ್ ಹಬ್ಬಕ್ಕೂ ಬಂದಿರಲಿಲ್ಲ.

ಆದರೆ ಕಡಲ ದಡ ಯಾರ ಮನೆಯೂ ಅಲ್ಲವಲ್ಲ! ಈ ಉಪಾಯ ಹೊಳೆದಾಗ ಅವನಿಗೆ ತನ್ನ ತಲೆಗೇ ದೃಷ್ಟಿ ತೆಗೆಸಬೇಕೆನ್ನಿಸಿತು. ವ್ಯಾನು ಮಾಡಿ, ನಿಲಕ್ಕೋಟ್ಟೈಯಲ್ಲಿ ಅಕ್ಕನನ್ನು ಹತ್ತಿಸಿಕೊಂಡು, ಎಲ್ಲರನ್ನೂ ತಿರುಚೆಂದೂರಿನ ಆಚೆಯ ದಡಕ್ಕೆ ತಂದ. ಒಣ ಮರಳು ಎಲೆಗೆ ಹಾರುತ್ತದೆಂದು ತಣ್ಣಗೆ ಗಟ್ಟಿಯಾಗಿದ್ದ ಒದ್ದೆ ಮರಳಿನ ಮೇಲೆ ಚಾಪೆ ಹಾಸಿಸಿದ.

“ಅಲೆ ಇಲ್ಲಿಗಂಟ ಬಂದ್ರೆ?” ಎಂದಳು ಹೆಂಡತಿ ಮುತ್ತುಸೆಲ್ವಿ.

“ಅಣೆ ತೆರೆದ್ರೆ ತಾನೆ ನೀರು ಏರೋದು? ಇಲ್ಲಿ ಅಣೆ ಎಲ್ಲೈತೆ? ನನಗೇ ನೀರು ಕಲಿಸ್ತೀಯಾ?”

ಸರಸು ಪಂಕ್ತಿಯ ಮೊದಲ ಎಲೆಗೆ ಕುಳಿತಳು. ಮಾರಿಮುತ್ತುವೇ ಸೌಟು ಹಿಡಿದು ಅನ್ನ, ಕೋಳಿಸಾರು ಬಡಿಸಿದ. ಅವಳು ಕಲಸಿದಳು, ತುತ್ತು ಎತ್ತಿದಳು. ಅವನು ಉಸಿರು ಬಿಗಿಹಿಡಿದ. ಅಷ್ಟರಲ್ಲಿ ಅಲೆ ಬಂತು. ಅವನು ಹೇಳುವ ಪ್ರಕಾರ ತೆಂಗಿನ ಮರದಷ್ಟು ಎತ್ತರ. ಕಂಡವರ ಪ್ರಕಾರ ಮೊಣಕಾಲಿಗೂ ಸಾಲದು. ಆದರೆ ಕುಳಿತವರಿಗೆ ಅಷ್ಟೇ ಧಾರಾಳವಾಯಿತು.

“ಏಳಕ್ಕಾ, ಏಳು!” ಎಂದು ಕೂಗಿದ. ಕೂಗಿದ ಮೇಲೆ ನಾಲಿಗೆ ಕಚ್ಚಿಕೊಂಡ.

ಸರಸು ಎಲೆಯನ್ನು ಎಡಗೈ ಮೇಲೆ ಕೂಸಿನಂತೆ ಎತ್ತಿಕೊಂಡಿದ್ದಳು. “ಏಂಡಾ, ತಿರುಗಾ ಎಬ್ಬಿಸ್ತೀಯಾ? ನಾ ಏಳಲ್ಲ!”

ಹಿರಿಯರು ಏಳದೆ ಪಂಕ್ತಿಯಲ್ಲಿ ಇನ್ನಾರೂ ಏಳುವಂತಿಲ್ಲ. ಹಾಗಾಗಿ ಮುತ್ತುಸೆಲ್ವಿ, ಜನನಿ, ಅಳಿಯ ಶಿವಬಾಲನ್ ಎಲ್ಲರೂ ಸೊಂಟದವರೆಗೆ ಸಮುದ್ರದಲ್ಲೇ ಕುಳಿತು ಎಲೆ ಎತ್ತಿ ಹಿಡಿದರು.

“ಮಾಮಾ, ಅಣೆ ಯಾರೋ ತೆರೆದುಬಿಟ್ಟಂಗೈತೆ” ಎಂದ ಅಳಿಯ.

ಸರಸು ತುತ್ತನ್ನು ಬಾಯಿಗಿಟ್ಟಳು. ಮರಳು ಕರಕರ ಎಂದಿತು. ನುಂಗಿದಳು.

“ಉಪ್ಪು ಜಾಸ್ತಿ.”

ಉಪ್ಪು ತನ್ನದಲ್ಲ ಎನ್ನಲು ಮಾರಿಮುತ್ತು ಅವಳತ್ತ ಬಗ್ಗಿ ಬಾಯಿ ತೆರೆದ. ಎರಡನೆಯ ಅಲೆ ಆ ಬಾಯಿಯನ್ನೂ ತುಂಬಿಸಿತು.

“ರಸಂ ಎಲ್ಲೋ?” ಎಂದಳು ಅಕ್ಕ.

ರಸಂ ಪಾತ್ರೆ ಸಿಲೋನಿನ ದಿಕ್ಕಿಗೆ ಹೊರಟಾಗಿತ್ತು. ಮಾರಿಮುತ್ತು ಪಂಚೆ ಎತ್ತಿ ಕಟ್ಟಿ ಅದರ ಹಿಂದೆ ಧುಮುಕಿದ.

“ಕುಂತಿರಕ್ಕಾ, ಏಳಬೇಡ! ರಸಂ ಈಗ್ಲೇ ತರ್ತೀನಿ!”