ಐವತ್ತರ ಮೇಲಿನ ಸೂಜಿ

ತಲೆಯ ಮೇಲಿನ ಟ್ಯೂಬ್‌ಲೈಟ್ ಗುಂಯ್ ಅನ್ನುತ್ತಲೇ ಇದೆ, ಯಾರಿಗೂ ಕೇಳಿಸುತ್ತಿಲ್ಲ, ಇವಳಿಗೆ ಮಾತ್ರ, ಹನ್ನೊಂದು ವರ್ಷ ಇದೇ ಸೆಮಿನಾರ್ ಕೋಣೆಯಲ್ಲಿ ಮಕ್ಕಳಿಗೆ ಕೋಡ್ ಬರೆಯಲು ಕಲಿಸಿದವಳಿಗೆ — ಮೆದುಳಿನ ಸಿಗ್ನಲ್ ಓದುವ ಕೋಡ್, ಕಲಿತವರು ಎಲ್ಲೆಲ್ಲಿಗೋ ಹೋದರು, ಕಲಿಸಿದವಳು ಇದೇ ಕುರ್ಚಿಯಲ್ಲಿ ಸ್ಟಾಪ್‌ವಾಚ್ ಹಿಡಿದು ಕೂತಿದ್ದಾಳೆ. ಹತ್ತು ನಿಮಿಷ ಆಯಿತು. ಗುಬ್ಬಿಯ ಚಿಲಿಪಿಲಿ ಇನ್ನೂ ನಿಂತಿಲ್ಲ, ನಾಳೆ ಹತ್ತು ಗಂಟೆಗೆ ಅವಳಿಗೆ ಆ ದೊಡ್ಡ ಸಂಶೋಧನಾ ಸಂಸ್ಥೆಯ ಇಂಟರ್‌ವ್ಯೂ, ಇವತ್ತು ಕೊನೆಯ ತಾಲೀಮು, ಗುಬ್ಬಿ ಅಂತ ಹೆಸರಿಟ್ಟಿದ್ದೂ ಇವಳೇ, ಮೊದಲ ದಿನ ಮುಂದಿನ ಬೆಂಚಿನಲ್ಲಿ ಮುದುಡಿ ಕೂತಿದ್ದಳಲ್ಲ, ಲೂಪ್ ಅಂದ್ರೆ ಏನು ಮೇಡಂ ಅಂತ ಕೇಳಿದ ಹುಡುಗಿ, ಈಗ ನೋಡು, ಮೂರನೇ ಸ್ಲೈಡಿನ ಮುಂದೆ ಹೇಗೆ ನಿಂತಿದ್ದಾಳೆ, ಪರಿಚಯದ ಮುಖ ನೆನಪು ಮಾಡ್ಕೊಳ್ಳುವಾಗ ಮೆದುಳು ಸೆಕೆಂಡಿಗೆ ಸರಿಯಾಗಿ ಐವತ್ತು ಸಲ ಮಿಡಿಯುತ್ತೆ ಸರ್, ಇದನ್ನ ಯಾರೂ ಗಮನಿಸಿಲ್ಲ — ದೊಡ್ಡ ಮೇಷ್ಟ್ರು, ವಿಭಾಗದ ಮುಖ್ಯಸ್ಥರು, ಭೇಷ್ ಭೇಷ್ ಅನ್ನುತ್ತಾರೆ, ಹನ್ನೊಂದು ವರ್ಷದಲ್ಲಿ ಇವಳಿಗೆ ಒಂದು ಸಲವಾದರೂ ಅಂದಿದ್ದರೆ ಕೇಳಿ. ಹೊಟ್ಟೆ ಉರಿಯುತ್ತದೆ, ಹೌದು, ಉರಿಯುತ್ತದೆ, ಯಾರಿಂದ ಮುಚ್ಚಿಡಬೇಕು. ಗ್ರಾಫಿನಲ್ಲಿ ಐವತ್ತರ ಮೇಲೆ ಒಂದು ಗೆರೆ ಸೂಜಿಯ ಹಾಗೆ ನೆಟ್ಟಗೆ ನಿಂತಿದೆ.

ಸೂಜಿ. ಮೆದುಳಿನದಾಗಿದ್ದರೆ ಗುಡ್ಡದ ಹಾಗೆ ಹರಡಿಕೊಂಡಿರಬೇಕಿತ್ತು, ಇಷ್ಟು ಸಪೂರ ನಿಲ್ಲುವುದು ಕರೆಂಟು ಮಾತ್ರ, ಗೋಡೆಯೊಳಗಿನ ಕರೆಂಟು, ಸೆಕೆಂಡಿಗೆ ಐವತ್ತು, ತಲೆಗೆ ತೊಡಿಸುವ ತಂತಿಯ ಟೋಪಿಗೆ ನುಗ್ಗಿಬಿಟ್ಟಿದೆ, ಹುಡುಗಿ ಹಿಡಿದಿರುವುದು ನೆನಪನ್ನಲ್ಲ, ಲೈಟನ್ನ, ದೊಡ್ಡ ಮೇಷ್ಟ್ರು ಗಣಿತದವರು, ಆ ಟೋಪಿ ಮುಟ್ಟಿ ನೋಡಿದವರಲ್ಲ, ಅವರಿಗೆ ಹೊಳೆಯುವುದಿಲ್ಲ, ನಾಳೆ ಮೇಜಿನ ಆಚೆ ಕೂರುವವರಿಗೆ ಒಂದು ನೋಟ ಸಾಕು. ಇಲ್ಲಿ ಕಲಿಸಲು ಬರುವ ಮೊದಲು ಇವಳಿಗೂ ಅದೇ ಆಗಿದ್ದು, ಅದೇ ಸಂಸ್ಥೆಯ ಇಂಟರ್‌ವ್ಯೂನಲ್ಲಿ, ಹೊಸ ಚಪ್ಪಲಿ ಹಿಮ್ಮಡಿ ಕಚ್ಚುತ್ತಿತ್ತು, ರೆಕಾರ್ಡ್ ಮಾಡಿದ ಕೋಣೇಲಿ ಲೈಟ್ ಉರೀತಿತ್ತೇನಮ್ಮ, ಅಂದರು, ನಕ್ಕರು, ಐದು ಜನ, ಒಬ್ಬರ ಚಿನ್ನದ ಹಲ್ಲು ಇನ್ನೂ ಕಣ್ಣಿಗೆ ಕಟ್ಟಿದೆ, ಕರೆಂಟಿನ ಐವತ್ತನ್ನು ಸೋಸಿ ತೆಗೆಯುವ ಒಂದೇ ಸಾಲಿನ ಫಿಲ್ಟರ್ ಕೋಡಿಗೆ ಹಾಕಿದ್ದರೆ ಸಾಕಿತ್ತು, ಅದಕ್ಕೇ ಪ್ರತಿ ವರ್ಷ ಎರಡನೇ ವಾರ ಆ ಒಂದು ಸಾಲನ್ನು ಮಕ್ಕಳ ತಲೆಗೆ ತುಂಬುತ್ತಾಳೆ — ಪ್ರತಿ ವರ್ಷ, ಈ ಬ್ಯಾಚ್ ಬಿಟ್ಟು. ಆ ಎರಡನೇ ವಾರವೇ ಗುಬ್ಬಿ ಎದ್ದು ನಿಂತು ಮೇಡಂ ಅಲ್ಲಿ ಮೈನಸ್ ಬರ್ಬೇಕು ಅಂದಿದ್ದು, ಕ್ಲಾಸೆಲ್ಲ ಕಿಸಕ್ಕೆಂದಿತು, ಇವಳು ಡಸ್ಟರ್ ಕುಕ್ಕಿ ಹೊರಗೆ ಬಂದಳು, ಉಳಿದ ಪಾಠ ಉಳಿದೇ ಹೋಯಿತು. ಮೈನಸ್ಸೇ ಬರಬೇಕಿತ್ತು. ಗುಬ್ಬಿ ಮನೆಗೆ ಒಂದು ದಿನ ಬಂದಿದ್ದಕ್ಕೆ ಇವಳ ಮಗಳು ಅವಳ ಹಿಂದೆ ಮುಂದೆ, ಅಮ್ಮಾ ನಾನು ದೊಡ್ಡೋಳಾದ್ಮೇಲೆ ಆ ಅಕ್ಕನ ಥರಾನೇ ಆಗ್ತೀನಿ, ಆ ಅಕ್ಕನ ಥರ, ಹೆತ್ತವಳ ಥರ ಅಲ್ಲ.

ದೊಡ್ಡ ಮೇಷ್ಟ್ರು ಎದ್ದು ಹೋದರು, ಗುಬ್ಬಿ ಪಕ್ಕದ ಕುರ್ಚಿಗೆ ಬಂದಳು, ಮೇಡಂ, ಮೂರನೇ ಸ್ಲೈಡ್ ಬಂದಾಗ ನೀವು ಏನೋ ಹೇಳೋಕೆ ಹೊರಟ್ರಿ, ತಪ್ಪಿದ್ರೆ ಹೇಳಿ, ಇವತ್ತೊಂದು ಸಂಜೆ ಇದೆ, ಸರಿ ಮಾಡ್ಕೋತೀನಿ — ಇಡೀ ಸಂಜೆ ಬೇಡವೇ ಬೇಡ, ಒಂದು ಸಾಲು ಸಾಕು, ಹೇಳಿಬಿಡು, ಹೇಳಿದರೆ ಸೂಜಿ ಮಾಯ, ಆದರೂ ಗುಬ್ಬಿ ಬೇರೇನೋ ಹುಡುಕಿಕೊಂಡು ಗೆದ್ದೇ ಬರುತ್ತಾಳೆ, ಅದೇ ಸಂಕಟ, ಹೇಳದಿದ್ದರೆ ಆ ಐದು ಜನ ನಗುತ್ತಾರೆ, ನಗಲಿ, ಒಂದು ಸಲ ಗುಬ್ಬಿಯನ್ನೂ ನೋಡಿ ನಗಲಿ, ಛೇ, ಇಪ್ಪತ್ತೆರಡರ ಹುಡುಗಿ, ನಾಲಿಗೆ ತುದಿಗೆ ಬಂತು, ಬಾಯಿ ತೆರೆದಳು, ಅಕ್ಷರ ಚಿಕ್ಕದಾಯ್ತು ಕಣೇ, ಹಿಂದೆ ಕೂತೋರಿಗೆ ಕಾಣಲ್ಲ, ಸ್ವಲ್ಪ ದೊಡ್ಡದು ಮಾಡ್ಕೋ. ಅಷ್ಟೇನಾ ಮೇಡಂ, ಅಬ್ಬಾ, ಎದೆ ಧಸಕ್ ಅಂದಿತ್ತು ನಂಗೆ, ಅಂತ ನಕ್ಕು ಲ್ಯಾಪ್‌ಟಾಪ್ ಎಳೆದುಕೊಂಡಳು, ಹೇಳಿದ ಮಾತು ಚಾಚೂ ತಪ್ಪದ ಹುಡುಗಿ, ಅಕ್ಷರ ಹಿಗ್ಗಿಸಿದಳು, ಗ್ರಾಫನ್ನೂ ಎಳೆದು ಹಿಗ್ಗಿಸಿದಳು, ಗೋಡೆಯ ಪರದೆಯ ತುಂಬ, ಕೆಳಗೆ ಐವತ್ತು ಅಂಗೈಯಷ್ಟಾಯಿತು, ಮೇಲೆ ಗುಂಯ್, ಈಗ ಕಾಣುತ್ತಾ ಮೇಡಂ, ಕಾಣುತ್ತೆ, ಕಾಣುತ್ತೆ ಕಣೇ, ಸೂಜಿ, ಐವತ್ತರ ಮೇಲೆ, ಸೂಜಿ —