ಚಿಕ್ಕಬೈರಪ್ಪನ ಪಾಲಿನ ಮೊಟ್ಟೆ

ದಾಸರಹಳ್ಳಿಯ ಚಿಕ್ಕಬೈರಪ್ಪನಿಗೆ ಕರುಳಿನ ಕ್ಯಾನ್ಸರ್ ಎಂದು ಗೊತ್ತಾದಾಗ ಪಕ್ಕದ ಪೀಣ್ಯದ ಹೊಲಗಳಲ್ಲಿ ಕಾರ್ಖಾನೆಗಳು ಏಳುತ್ತಿದ್ದವು. "ಗಡ್ಡೆ ತೆಗೀಬಹುದು," ಎಂದರು ಡಾಕ್ಟರು. "ಆದ್ರೆ ಈ ಎಲುಬಿನ ಗೂಡಿಗೆ ಕತ್ತರಿ ಹಾಕಿದ್ರೆ ಗಾಯ ಮಾಯಲ್ಲ. ಒಂದು ತಿಂಗಳು ಚೆನ್ನಾಗಿ ತಿನ್ನಿಸಿ, ತೂಕ ಏರಿಸ್ಕೊಂಡು ಬನ್ನಿ."

ಹೆಂಡತಿ ಮಾರಕ್ಕ ಮೊಟ್ಟೆ ಮಾರುವುದನ್ನು ನಿಲ್ಲಿಸಿದಳು, ಎಮ್ಮೆಯ ಹಾಲನ್ನು ಡೈರಿಗೆ ಹಾಕುವುದನ್ನೂ ಬಿಟ್ಟಳು. ಅಷ್ಟರಲ್ಲಿ ಸುದ್ದಿ ಹರಡಿ, ರೋಗಿಯನ್ನು ನೋಡಲು ನೆಂಟರು ಬಂದರು. ನೋಡಲು ಬಂದವರನ್ನು ಬರಿ ಹೊಟ್ಟೆಯಲ್ಲಿ ಕಳಿಸುವ ಪದ್ಧತಿ ನಮ್ಮಲ್ಲಿಲ್ಲ. ಬರಿ ಹೊಟ್ಟೆಯಲ್ಲಿ ಹೋಗುವ ಪದ್ಧತಿ ನೆಂಟರಲ್ಲಂತೂ ಇಲ್ಲವೇ ಇಲ್ಲ. ಅಣ್ಣ ನಲ್ಲಪ್ಪ ಕಾರ್ಖಾನೆಯ ಶಿಫ್ಟ್ ಮುಗಿಸಿ ದಿನಾ ಬಂದು, ತಮ್ಮನ ಪಕ್ಕ ಕೂತು, ಕಣ್ಣೀರು ಹಾಕುತ್ತಾ ಮೊಟ್ಟೆ ಸುಲಿಯುತ್ತಿದ್ದ. "ಪಾಪ, ಎಂಗೆ ಇಳ್ದೋಗವ್ನೆ," ಎಂದು ಎರಡನೆಯದಕ್ಕೆ ಕೈ ಹಾಕುತ್ತಿದ್ದ. ಚಿಕ್ಕಬೈರಪ್ಪನೇನು ಕಡಿಮೆಯೇ? ತನ್ನ ಲೋಟದ ಹಾಲನ್ನೂ ಅಣ್ಣನತ್ತ ದಾಟಿಸುತ್ತಿದ್ದ. ಮರ್ಯಾದೆಗೆ ಹೆದರಿದಷ್ಟು ಅವನು ಕ್ಯಾನ್ಸರಿಗೂ ಹೆದರಿರಲಿಲ್ಲ.

ತಿಂಗಳ ಕೊನೆಗೆ ಆಸ್ಪತ್ರೆಯಲ್ಲಿ ತೂಗಿದಾಗ ಮುಳ್ಳು ಮೊದಲಿಗಿಂತ ಕೆಳಗೆ ನಿಂತಿತು. "ಇನ್ನೊಂದೇ ಸಲ ನೋಡ್ತೀನಿ. ಆಮೇಲೆ ನನ್ನ ಕೈಲಿ ಏನೂ ಇಲ್ಲ," ಎಂದರು ಡಾಕ್ಟರು.

ಮಾರನೆಯ ದಿನ ನಲ್ಲಪ್ಪ ಮೊಟ್ಟೆಗೆ ಕೈಚಾಚಿದ.

"ತಿನ್ನಿ ಬಾವ," ಎಂದಳು ಮಾರಕ್ಕ. "ಇದು ಅಂಟೋ ಕಾಯ್ಲೆ ಅಂತ ಡಾಕ್ಟ್ರು ಯೋಳವ್ರೆ. ನೀವು ಒಡುಟ್ಟಿದೋರು, ನಿಮಗೇನು ಬಯ."

ನಲ್ಲಪ್ಪನಿಗೆ ತಟ್ಟನೆ ಏನೋ ಕೆಲಸ ನೆನಪಾಯಿತು. ಸಂಜೆಯೊಳಗೆ ನೆಂಟರಿಗೆಲ್ಲ ಕೆಲಸ ನೆನಪಾಯಿತು. ಹಾಲು, ಮೊಟ್ಟೆ ದಾರಿ ತಪ್ಪದೆ ಚಿಕ್ಕಬೈರಪ್ಪನ ಹೊಟ್ಟೆ ಸೇರಿದವು. ಮೈ ತುಂಬಿತು, ಆಪರೇಷನ್ ಆಯಿತು, ಗಾಯ ಮಾಯಿತು.

ಮನೆಗೆ ಬಂದವನು ಮಾತ್ರ ತನ್ನ ತಟ್ಟೆ ಲೋಟ ಬೇರೆ ಇಟ್ಟುಕೊಂಡು ಮೂಲೆಯಲ್ಲಿ ಉಣ್ಣತೊಡಗಿದ. "ಅತ್ರ ಬರ್ಬ್ಯಾಡ ಮಾರಿ, ನಿಂಗೂ ಅಂಟ್ಕಂತದೆ," ಎಂದ. ಮಾರಕ್ಕನಿಗೆ ಅಳು ಬಂತು. ಅದು ಸುಳ್ಳೆಂದು ಅವನಿಗೆ ಮೊದಲೇ ಹೇಳಿದ್ದರೆ ಆವತ್ತೇ ಅಣ್ಣನನ್ನು ಊಟಕ್ಕೆ ಕರೆಯುತ್ತಿದ್ದ.

ಒಂದು ಸಂಜೆ ನಲ್ಲಪ್ಪ ಬೇಲಿಯಾಚೆ ನಿಂತು ತಮ್ಮನ ಕ್ಷೇಮ ವಿಚಾರಿಸುತ್ತಿದ್ದ. ಮಾರಕ್ಕ ಗಂಡನ ಕೈಯಿಂದ ಅರ್ಧ ಕುಡಿದ ಹಾಲಿನ ಲೋಟ ಕಿತ್ತುಕೊಂಡು, ಬಾವನೆದುರಿಗೇ ಎಂಜಲು ಹಾಲನ್ನೆಲ್ಲ ಕುಡಿದಳು.

"ಅಂಗಾರೆ ಅಂಟಲ್ವಾ?" ಎಂದ ನಲ್ಲಪ್ಪ.

"ಯಾವತ್ತೂ ಅಂಟ್ತಿರ್ಲಿಲ್ಲ, ಬಾವ."

ನಲ್ಲಪ್ಪ ಒಳಗೆ ಬಂದು ಹಳೆಯ ಜಾಗದಲ್ಲೇ ಕೂತ. ಚಿಕ್ಕಬೈರಪ್ಪನ ಮುಖ ಅರಳಿತು. "ಅಣ್ಣಂಗೆ ಮೊಟ್ಟೆ ಬೇಯ್ಸೆ," ಎಂದ.

ಮಾರಕ್ಕ ಎರಡು ಮೊಟ್ಟೆ ಬೇಯಿಸಿ ತಂದಳು. ಎರಡನ್ನೂ ಗಂಡನ ತಟ್ಟೆಗೇ ಹಾಕಿ, ಬಾವನಿಗೆ ಒಂದು ಚೊಂಬು ನೀರು ಕೊಟ್ಟು, ಗಂಡ ಕೊನೆಯ ತುತ್ತು ನುಂಗುವವರೆಗೂ ಇಬ್ಬರ ನಡುವೆ ಕೂತಳು.