ಹತ್ತೊಂಬತ್ತನೇ ಅಧ್ಯಾಯದಿಂದ

ಮೈಸೂರಿನ ಮೇಟಗಳ್ಳಿಯ ಕಾರ್ಖಾನೆಯಿಂದ ನಿವೃತ್ತರಾಗಿ ಹಿನಕಲ್‌ನಲ್ಲಿ ನೆಲೆಸಿದ್ದ ಏಕಾಂತಯ್ಯನವರಿಗೆ ಸಕ್ಕರೆ ಕಾಯಿಲೆಯಿಂದ ಕಣ್ಣು ಹೋಯಿತು. ಅಂದಿನಿಂದ ಹೆಂಡತಿ ಪುಟ್ಟಬಸಮ್ಮ ದಿನಾ ಮಧ್ಯಾಹ್ನ ಅವರಿಗೆ ಕಾದಂಬರಿ ಓದಿ ಹೇಳುತ್ತಿದ್ದರು. ಕೊನೆಯದಾಗಿ ಹಿಡಿದದ್ದು ಒಂದು ಕೊಲೆಯ ಕಥೆ. ಬ್ರಿಟಿಷರ ಕಾಲದ ಮೈಸೂರು. ಬಂಗಲೆಯೊಂದರಲ್ಲಿ ಯಾರೋ ವಿಷ ಹಾಕಿ ಕೊಂದ ಬಿಳಿಯ ಎಂಜಿನಿಯರ್. ಏನೂ ಮಾಡದೆ ಜೈಲು ಸೇರಿದ ಅಡುಗೆಯವನು. ಕೊಂದವನು ಹೆಣ ಪರೀಕ್ಷಿಸಿದ ಡಾಕ್ಟರೇ ಎಂದು ಪುಟ್ಟಬಸಮ್ಮ, ಅಲ್ಲ, ಎಂಜಿನಿಯರನ ತಮ್ಮ ಎಂದು ಏಕಾಂತಯ್ಯ. ಊಟಕ್ಕೆ ಕೂತಾಗಲೂ ಇದೇ ವಾದ. ಹದಿನೆಂಟನೇ ಅಧ್ಯಾಯ ಮುಗಿದ ದಿನ ಸಂಜೆ ಪುಟ್ಟಬಸಮ್ಮ ಎದೆನೋವೆಂದು ಮಲಗಿದವರು ಮತ್ತೆ ಏಳಲಿಲ್ಲ.

ಎಂಟು ತಿಂಗಳು ಆ ಪುಸ್ತಕವನ್ನು ಯಾರೂ ಮುಟ್ಟಲಿಲ್ಲ. ಒಂದು ಭಾನುವಾರ ಏಕಾಂತಯ್ಯ ಮಹಡಿಯಲ್ಲಿ ಬಾಡಿಗೆಗಿದ್ದ ನಯನಾಳನ್ನು ಕರೆದರು. ಅವಳು ಸರಸ್ವತಿಪುರಂನ ಟ್ಯುಟೋರಿಯಲ್ ಒಂದರಲ್ಲಿ ಪಾಠ ಹೇಳುತ್ತಿದ್ದಳು.

"ಮೊದಲಿಂದ ಓದ್ಲಾ ಅಂಕಲ್?"

"ಬೇಡ ಕಣಮ್ಮ. ಅಲ್ಲೀತನಕ ಅವಳ ದನೀನೇ ಕಿವೀಲಿದೆ. ಅದರ ಮೇಲೆ ಇನ್ನೊಂದು ದನಿ ಬೀಳೋದು ಬೇಡ. ಹತ್ತೊಂಬತ್ತರಿಂದ ಓದು."

ಕೊಂದವನು ಯಾರೆಂಬ ಗಂಡಹೆಂಡಿರ ವಾದವನ್ನು ಅವರಿಂದ ಕೇಳಿಕೊಂಡು ಮೂರು ಭಾನುವಾರ ಓದಿದಳು. ಡಾಕ್ಟರನ ಹೆಸರು ಬಂದಾಗಲೆಲ್ಲ ಏಕಾಂತಯ್ಯ ಕುರ್ಚಿಯಲ್ಲಿ ಮುಂದಕ್ಕೆ ಬಾಗುತ್ತಿದ್ದರು. ಹೆಂಡತಿಯ ಮಾತೇ ನಿಜವಾಗಿ ತಾವು ಸೋಲಬೇಕು ಎಂಬುದು ಅವರ ಆಸೆ ಎಂದು ನಯನಾಳಿಗೆ ಎರಡನೇ ವಾರಕ್ಕೇ ಗೊತ್ತಾಗಿತ್ತು.

ಕೊನೆಯ ಅಧ್ಯಾಯದಲ್ಲಿ ಅವಳ ಕಣ್ಣು ನಾಲ್ಕು ಸಾಲು ಮುಂದೆ ಓಡಿತು. ತಪ್ಪೊಪ್ಪಿಕೊಂಡವನು ಎಂಜಿನಿಯರನ ತಮ್ಮ. ಒಂದು ಹೆಸರು ಬದಲಿಸಿ ಓದಿದರೆ ಇವರಿಗೆ ತಿಳಿಯುವುದಿಲ್ಲ ಅನ್ನಿಸಿತು.

"ಯಾಕಮ್ಮ ನಿಲ್ಲಿಸ್ಬುಟ್ಟೆ? ಇರೋದನ್ನೇ ಓದು. ಅವಳು ಒಂದು ಸಾಲೂ ಹಾರಿಸ್ತಿರ್ಲಿಲ್ಲ."

ನಯನಾ ಇದ್ದದ್ದನ್ನೇ ಓದಿದಳು. ಅಡುಗೆಯವನು ಬಿಡುಗಡೆಯಾಗಿ ತನ್ನೂರಿನ ದಾರಿ ಹಿಡಿಯುವಲ್ಲಿಗೆ ಕಥೆ ಮುಗಿಯಿತು. ಏಕಾಂತಯ್ಯ ಕುರ್ಚಿಗೆ ಒರಗಿದರು.

"ಮೂವತ್ತೊಂಬತ್ತು ವರ್ಷದಲ್ಲಿ ಇದೊಂದೇ ಸಲ ನಾನು ಹೇಳಿದ್ದು ನಿಜ ಆಗಿರೋದು," ಎಂದರು. "ಅವಳು ಇದ್ದಿದ್ರೂ ಒಪ್ತಿರ್ಲಿಲ್ಲ ಬುಡು. ಬರೆದೋನಿಗೇ ಸರಿಯಾಗಿ ಗೊತ್ತಿಲ್ಲ ಅಂತಿದ್ಲು."



ನಯನಾ ಪುಸ್ತಕ ಮುಚ್ಚಿ ಕೇಳಿದಳು, "ಆಂಟಿ ಯಾಕೆ ಡಾಕ್ಟರೇ ಅಂತಿದ್ರು ಅಂಕಲ್?"

"ಕೂತ್ಕೋ, ಹೇಳ್ತೀನಿ. ಹೆಣ ನೋಡಿ ಬಂದೋನು ಕೈ ತೊಳೀದೇ ಕಾಫಿ ಕುಡೀತಾನೆ. ಅಂಥೋನನ್ನ ನಂಬ್ತೀರೇನ್ರೀ ಅಂತಿದ್ಲು."

ಹೊತ್ತು ಮುಳುಗುವವರೆಗೂ ಅವರು ಪುಟ್ಟಬಸಮ್ಮನ ವಾದಗಳನ್ನು ಒಂದೊಂದಾಗಿ, ಆಕೆಯದೇ ಮಾತುಗಳಲ್ಲಿ ಹೇಳಿದರು. ಎಲ್ಲಿಯೂ ತಮ್ಮ ಉತ್ತರವನ್ನು ನಡುವೆ ತರಲಿಲ್ಲ.